ಮೋಡದ ಚಿತ್ರವೂ ಒಂದು ಸಾಕ್ಷ್ಯ

ಆಕಾಶ ಮತ್ತು ಭೂಮಿಯ ನಡುವೆ ವಿಧೇಯವಾಗಿ ಚಲಿಸುವ ಮೋಡಗಳನ್ನು ಪವಿತ್ರ ಕುರ್‌ಆನ್ (ಅಲ್‌ಬಕರಃ: 164) ಆಲೋಚಿಸುವ ಜನರಿಗಿರುವ ದೃಷ್ಟಾಂತಗಳ ಸಾಲಿನಲ್ಲಿ ಸೇರಿಸಿದೆ. ಆಲೋಚನೆ ಎಂಬ ಆ ಷರತ್ತನ್ನು ನಾವು ಅನೇಕ ವೇಳೆ ಮರೆತುಬಿಡುತ್ತೇವೆ. ಇಂದು ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮೆರಾ ಇದೆ. ವಿಚಿತ್ರವಾದ ಮೋಡವೊಂದು ಕಾಣಿಸಿದರೆ ಕ್ಷಣಾರ್ಧದಲ್ಲಿ ಚಿತ್ರ ತೆಗೆದು, ಕೆಳಗೆ ನಾಲ್ಕು ಸಾಲು ಬರೆದು ನೂರಾರು ಜನರಿಗೆ ಕಳುಹಿಸುತ್ತೇವೆ. ಮೋಡ ಹತ್ತು ನಿಮಿಷದಲ್ಲಿ ಕರಗಿ ಹೋಗುತ್ತದೆ. ಆ ನಾಲ್ಕು ಸಾಲು ಮಾತ್ರ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಅದು ಸತ್ಯವೇ, ಸುಳ್ಳೇ ಎಂದು ವಿಚಾರಿಸುವ ಹೊಣೆ ಯಾರದು?

ಈ ಪ್ರಶ್ನೆ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಕಡೆಯ ಓದುಗರಿಗೆ ಹೊಸದಲ್ಲ. ಈ ಭಾಗ ಮರುಭೂಮಿಯಲ್ಲ ನಿಜ. ವರ್ಷಕ್ಕೆ ಸುಮಾರು 700ರಿಂದ 800 ಮಿಲಿಮೀಟರ್ ಮಳೆಯಾಗುತ್ತದೆ, ಕಪ್ಪು ಮಣ್ಣಿನಲ್ಲಿ ತೊಗರಿ ಬೆಳೆಯುತ್ತದೆ. ಆದರೆ ಏಪ್ರಿಲ್ ತಿಂಗಳಲ್ಲಿ ಫರ್ಸಿ ಕಲ್ಲಿನ ಗಣಿಗಳ ಅಂಚಿನಲ್ಲಿ ನಿಂತವರಿಗೆ ಮರುಭೂಮಿಯ ನೆನಪಾಗದೆ ಇರದು. ಬಿಸಿಲು 42-43 ಡಿಗ್ರಿ ಮುಟ್ಟಿರುತ್ತದೆ. ಮರಗಳು ವಿರಳ, ಎದುರಿಗೆ ಬೆಳ್ಳಗೆ ಹೊಳೆಯುವ ಕಲ್ಲುಪುಡಿಯ ರಾಶಿ, ನಾಲ್ಕು ದಿಕ್ಕಿಗೂ ಅಡೆತಡೆಯಿಲ್ಲದ ಆಕಾಶ. (ಮನೆಮನೆಯ ನೆಲಕ್ಕೆ ಹಾಸಿರುವ ಈ ಕಲ್ಲು ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣದ ಕೆಸರು ಎಂಬುದು ಆ ಬಿಸಿಲಿನಲ್ಲಿ ನಂಬಲಾಗದ ಮಾತು.) ಮೋಡವನ್ನು ನೋಡುವವರಿಗೂ ಚಿತ್ರ ತೆಗೆಯುವವರಿಗೂ ಇಂಥ ಬಯಲು ಬಹಳ ಅನುಕೂಲ. ಪೇಟೆಯಲ್ಲಿ ಎರಡು ಕಟ್ಟಡಗಳ ನಡುವೆ ಕಾಣುವ ತುಂಡು ಮೋಡ ಇಲ್ಲಿ ಬುಡದಿಂದ ತುದಿಯವರೆಗೆ ಪೂರ್ತಿಯಾಗಿ ಕಾಣುತ್ತದೆ.

ಮೊದಲು ಸಾಮಾನ್ಯ ಮೋಡವನ್ನೇ ತಿಳಿದುಕೊಳ್ಳೋಣ. ಅದನ್ನು ಅರಿಯದವನಿಗೆ ಅಸಾಮಾನ್ಯವಾದುದು ಯಾವುದೆಂದು ಹೇಗೆ ಗೊತ್ತಾಗಬೇಕು? ಬಿಸಿಯಾದ ನೆಲದಿಂದ ಗಾಳಿ ಮೇಲೇರುತ್ತದೆ. ಮೇಲೇರಿದಂತೆ ತಣ್ಣಗಾಗಿ ಅದರಲ್ಲಿರುವ ನೀರಾವಿ ಧೂಳಿನ ಅಥವಾ ಉಪ್ಪಿನ ಅತಿ ಸೂಕ್ಷ್ಮ ಕಣದ ಸುತ್ತ ಹನಿಗಟ್ಟುತ್ತದೆ. ಇಂಥ ಒಂದು ಹನಿಯ ಅಗಲ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟು. ನೆಲಕ್ಕೆ ಬೀಳುವ ಒಂದೇ ಒಂದು ಮಳೆಹನಿಯಾಗಲು ಇಂಥ ಹತ್ತು ಲಕ್ಷ ಹನಿಗಳು ಕೂಡಬೇಕು. ಹತ್ತಿಯಂತೆ ಹಗುರವಾಗಿ ತೋರುವ, ಉದ್ದ ಅಗಲ ಎತ್ತರ ಒಂದೊಂದು ಕಿಲೋಮೀಟರಿರುವ ಮೋಡದಲ್ಲಿ ಸುಮಾರು 500 ಟನ್ ನೀರಿರುತ್ತದೆ. ಅರ್ರಅದ್ ಅಧ್ಯಾಯದಲ್ಲಿ (13: 12) ಮೋಡಗಳಿಗೆ ‘ಭಾರವಾದ’ ಎಂಬ ವಿಶೇಷಣ ಬಂದಿರುವುದನ್ನು ಓದುವಾಗ ಈ ಲೆಕ್ಕ ನೆನಪಿನಲ್ಲಿರಲಿ.

ಅನ್ನೂರ್ ಅಧ್ಯಾಯದ 43ನೇ ಸೂಕ್ತವು ಮೋಡವನ್ನು ಒಂದು ಕ್ರಮದಲ್ಲಿ ನಮ್ಮೆದುರಿಗಿಡುತ್ತದೆ: ಚದುರಿದ ತುಣುಕುಗಳು ನಿಧಾನವಾಗಿ ಚಲಿಸುವುದು, ಒಂದಕ್ಕೊಂದು ಕೂಡುವುದು, ಒಂದರ ಮೇಲೊಂದು ಪೇರಿಸಲ್ಪಡುವುದು, ಅವುಗಳ ನಡುವಿನಿಂದ ಮಳೆ ಹೊರಡುವುದು, ಪರ್ವತದಂಥ ರಾಶಿಯಿಂದ ಆಲಿಕಲ್ಲು ಬೀಳುವುದು. ಮೇ ತಿಂಗಳ ಮಧ್ಯಾಹ್ನ ಎರಡರಿಂದ ಐದು ಗಂಟೆಯವರೆಗೆ ಕಾಗಿಣಾ ನದಿಯ ಕಡೆಗೆ ಮುಖ ಮಾಡಿ ಕುಳಿತ ಯಾರೂ ಇದನ್ನು ಕಣ್ಣಾರೆ ಕಾಣಬಹುದು. ಮೊದಲು ಬಿಡಿಬಿಡಿ ಅರಳೆಗಳು, ನಂತರ ಹೂಕೋಸಿನಂತೆ ಉಬ್ಬುವ ಗೋಪುರ, ಕೊನೆಗೆ ಹನ್ನೆರಡು-ಹದಿನೈದು ಕಿಲೋಮೀಟರ್ ಎತ್ತರದಲ್ಲಿ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡುವ ತಲೆ. ಹತ್ತು ನಿಮಿಷಕ್ಕೊಂದರಂತೆ ಚಿತ್ರ ತೆಗೆದು ಸಾಲಾಗಿ ಜೋಡಿಸಿದರೆ ಮಕ್ಕಳಿಗೆ ಇದಕ್ಕಿಂತ ಉತ್ತಮ ಪಾಠ ಬೇಕಿಲ್ಲ. ನಮ್ಮಲ್ಲಿ ಎಷ್ಟು ಮಂದಿ ಹಾಗೆ ತೆಗೆದಿದ್ದೇವೆ? ಮೋಡದಲ್ಲಿ ಕುದುರೆಯೋ ಮನುಷ್ಯನ ಮುಖವೋ ಕಂಡಾಗ ಮಾತ್ರ ನಾವು ಮೊಬೈಲು ಹೊರತೆಗೆಯುತ್ತೇವೆ.

ಇನ್ನು ಅಸಾಮಾನ್ಯ ಮೋಡಗಳ ವಿಷಯ. ಈ ಜಿಲ್ಲೆಯಿಂದ ದುಡಿಯಲು ಕೊಲ್ಲಿ ದೇಶಗಳಿಗೆ ಹೋದವರಿದ್ದಾರೆ. ಮರುಭೂಮಿಯ ಆಕಾಶದ ಚಿತ್ರಗಳು ಅಲ್ಲಿಂದ ಇಲ್ಲಿನ ಮನೆಗಳಿಗೆ ಬರುತ್ತಿರುತ್ತವೆ. 2019ರ ಮಾರ್ಚ್‌ನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್‌ನ ಅಲ್‌ಐನ್ ನಗರದ ಮೇಲೆ ಮೋಡದ ಹಾಸಿನ ನಡುವೆ ದುಂಡನೆಯ ದೊಡ್ಡ ರಂಧ್ರವೊಂದು ಕಾಣಿಸಿಕೊಂಡಿತು. ಆ ದೃಶ್ಯ ಜಗತ್ತಿನಾದ್ಯಂತ ಹರಡಿತು. ಇಂಥ ಚಿತ್ರದ ಜೊತೆಗೆ ಆಕಾಶದ ಬಾಗಿಲು ತೆರೆಯಿತೆಂಬ ಮಾತೂ ಪ್ರಯಾಣ ಮಾಡುತ್ತದೆ. ಅದರ ಕಾರಣ ಏನು? ಎತ್ತರದ ತೆಳು ಮೋಡದಲ್ಲಿ ನೀರಿನ ಹನಿಗಳು ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗೆ ತಣ್ಣಗಾಗಿದ್ದರೂ ಮಂಜುಗಡ್ಡೆಯಾಗದೆ ದ್ರವವಾಗಿಯೇ ಉಳಿದಿರುತ್ತವೆ. ವಿಮಾನವೊಂದು ಅದನ್ನು ಹಾದುಹೋದಾಗ ರೆಕ್ಕೆಯ ಮೇಲಿನ ಗಾಳಿ ಹಠಾತ್ತನೆ ಹಿಗ್ಗಿ ಇನ್ನಷ್ಟು ತಣ್ಣಗಾಗುತ್ತದೆ, ಕೆಲವು ಹನಿಗಳು ಹೆಪ್ಪುಗಟ್ಟುತ್ತವೆ. ಆ ಹರಳುಗಳು ಸುತ್ತಲಿನ ಹನಿಗಳ ತೇವವನ್ನು ಹೀರಿ ಬೆಳೆದು ಕೆಳಗೆ ಉದುರುತ್ತವೆ. ಹನಿಗಳು ಆವಿಯಾದ ಜಾಗದಲ್ಲಿ ರಂಧ್ರ ಉಳಿಯುತ್ತದೆ, ಗಂಟೆಯೊಳಗೆ ಎಷ್ಟೋ ಅಗಲವಾಗುತ್ತದೆ. ಹವಾಮಾನ ವಿಜ್ಞಾನಿಗಳ ಅಂತಾರಾಷ್ಟ್ರೀಯ ಮೋಡದ ಅಟ್ಲಾಸ್, 1896ರಲ್ಲಿ ಮೊದಲು ಪ್ರಕಟವಾದದ್ದು, 2017ರ ಪರಿಷ್ಕರಣೆಯಲ್ಲಿ ಇದಕ್ಕೆ ‘ಕೇವಮ್’ ಎಂಬ ಹೆಸರು ಕೊಟ್ಟಿದೆ. ಸಮುದ್ರದ ಅಲೆಗಳನ್ನು ತಲೆಕೆಳಗೆ ಮಾಡಿದಂತೆ ತೋರುವ ‘ಆಸ್ಪೆರಿಟಾಸ್’ ಎಂಬ ಮೋಡವೂ ಅದೇ ವರ್ಷ ಅಟ್ಲಾಸಿಗೆ ಸೇರಿತು. ಅದು ಸೇರಿದ್ದು ಬಹುಮಟ್ಟಿಗೆ ಸಾಮಾನ್ಯ ಜನರು ತೆಗೆದು ಕಳುಹಿಸಿದ ಛಾಯಾಚಿತ್ರಗಳ ಬಲದಿಂದ. ಎಲ್ಲಿ, ಯಾವಾಗ ಎಂಬ ವಿವರ ಪ್ರಾಮಾಣಿಕವಾಗಿದ್ದರೆ ಒಂದು ಚಿತ್ರ ಎಷ್ಟು ದೂರ ಹೋಗಬಲ್ಲದು ನೋಡಿ.

ಒಮಾನ್ ಮತ್ತು ಎಮಿರೇಟ್ಸ್‌ನ ಹಜರ್ ಪರ್ವತಗಳಂಥ ಕಡೆ ಮಸೂರದಂತೆ ನುಣುಪಾದ, ಜನರು ಹಾರುವ ತಟ್ಟೆ ಎಂದು ಕರೆಯುವ ಮೋಡ ಉಂಟಾಗಬಹುದು. ಗಾಳಿ ಬೆಟ್ಟವನ್ನು ಹತ್ತಿ ಇಳಿಯುವಾಗ ಅಲೆಯಾಗುತ್ತದೆ. ಅಲೆಯ ನೆತ್ತಿಯಲ್ಲಿ ಮುಂದುಗಡೆ ಹನಿಗಳು ಹುಟ್ಟುತ್ತಿರುತ್ತವೆ, ಹಿಂದುಗಡೆ ಆವಿಯಾಗುತ್ತಿರುತ್ತವೆ. ಗಾಳಿ ರಭಸದಿಂದ ಓಡುತ್ತಿದ್ದರೂ ಮೋಡ ನಿಂತಲ್ಲೇ ನಿಂತಿರುತ್ತದೆ. ಇದಕ್ಕೆ ಸಾಮಾನ್ಯವಾಗಿ ಬೆಟ್ಟಸಾಲು ಬೇಕು. ಆದ್ದರಿಂದ ‘ನಿನ್ನೆ ಶಹಾಬಾದಿನಲ್ಲಿ’ ಎಂದು ಬರೆದ ಅಂಥ ಚಿತ್ರ ಕೈಗೆ ಬಂದರೆ ತಕ್ಷಣ ಅನುಮಾನಪಡಲು ಕಾರಣವಿದೆ. ಅದೇ ನಮ್ಮ ಬಯಲಿನ ಬೇಸಿಗೆಯಲ್ಲಿ ಮರುಭೂಮಿಯಷ್ಟೇ ಸ್ಪಷ್ಟವಾಗಿ ಕಾಣುವ ನೋಟ ಬೇರೊಂದಿದೆ. ಮೋಡದ ಅಡಿಯಿಂದ ಬೂದು ಪರದೆಯೊಂದು ಇಳಿಬಿದ್ದಿರುತ್ತದೆ, ನೆಲ ಮುಟ್ಟುವುದಿಲ್ಲ. ಅದು ನಿಜವಾದ ಮಳೆಯೇ. ಕೆಳಗಿನ ಒಣ ಬಿಸಿ ಗಾಳಿಯಲ್ಲಿ ದಾರಿಯಲ್ಲೇ ಆರಿಹೋಗುತ್ತದೆ. ಹನಿ ನೆಲ ಸೇರುವುದೂ ಎಷ್ಟೊಂದು ಷರತ್ತುಗಳಿಗೆ ಒಳಪಟ್ಟಿದೆ ಎಂದು ತಿಳಿದವನು ಒಂದು ಸಾಧಾರಣ ಮಳೆಗೂ ಕೃತಜ್ಞನಾಗುತ್ತಾನೆ. ನನ್ನ ಮಟ್ಟಿಗೆ, ಹಾರುವ ತಟ್ಟೆಗಿಂತ ಈ ಆರಿಹೋಗುವ ಮಳೆಯ ಚಿತ್ರದಲ್ಲಿ ಹೆಚ್ಚು ಪಾಠವಿದೆ.

ಈಗ ಹೆಚ್ಚು ಸೂಕ್ಷ್ಮವಾದ ವಿಷಯಕ್ಕೆ ಬರೋಣ. ಮೋಡದಲ್ಲಿ ಅಲ್ಲಾಹನ ನಾಮ ಮೂಡಿತೆಂಬ ಚಿತ್ರಗಳನ್ನು ನೋಡದವರು ವಿರಳ. ಕಳುಹಿಸುವವರ ಭಕ್ತಿಯನ್ನು ಯಾರೂ ಪ್ರಶ್ನಿಸಬೇಕಾಗಿಲ್ಲ. ಆದರೆ ಯೋಚಿಸಿ: ಅಲಿಫ್, ಲಾಮ್ ಎಂದರೆ ನೇರ ಗೀರುಗಳು; ಹಾ ಎಂದರೆ ಒಂದು ಕುಣಿಕೆ. ಎತ್ತರದ ಮಂಜಿನ ಮೋಡಗಳೂ ಗೀರು ಮತ್ತು ಕುಣಿಕೆಗಳಿಂದಲೇ ಆಗಿರುತ್ತವೆ. ಅರಬಿ ಲಿಪಿ ಅರಿಯದವನಿಗೆ ಅದೇ ಮೋಡದಲ್ಲಿ ಹಕ್ಕಿಯ ರೆಕ್ಕೆ ಕಾಣುತ್ತದೆ, ಬೇರೆ ಧರ್ಮದವನಿಗೆ ಅವನ ಆರಾಧ್ಯರು ಕಾಣುತ್ತಾರೆ. ಕಣ್ಣು ತನಗೆ ಪರಿಚಿತವಾದುದನ್ನು ಹುಡುಕಿ ತೆಗೆಯುತ್ತದೆ. ಮಾನವನ ಮಿದುಳಿನ ಸ್ವಭಾವವೇ ಅದು. ಮೋಡದ ಗೀರು ನಮ್ಮ ಧರ್ಮಕ್ಕೆ ಪುರಾವೆಯೆಂದು ವಾದಿಸಿದರೆ ಇತರರ ಗೀರು ಅವರ ಪುರಾವೆ ಎಂದು ಒಪ್ಪಬೇಕಾಗುತ್ತದೆ. ಅಲ್ಲದೆ, ಮೋಡದ ಮೇಲೆ ನಿಲ್ಲಿಸಿದ ಹದಿಹರೆಯದ ಹುಡುಗನ ವಿಶ್ವಾಸವು ಆ ಚಿತ್ರ ಕೃತಕವೆಂದು ಗೊತ್ತಾದ ದಿನ ಏನಾಗಬೇಕು? ಈಗಂತೂ ಬೇಕಾದ ಮೋಡವನ್ನು ಕಂಪ್ಯೂಟರ್ ಬರೆದುಕೊಡುತ್ತದೆ. ಆ ಹುಡುಗ ಚಿತ್ರವನ್ನು ಮಾತ್ರವಲ್ಲ, ಅದನ್ನು ತೋರಿಸಿದ ಹಿರಿಯರನ್ನೂ ಅನುಮಾನಿಸತೊಡಗುತ್ತಾನೆ.

ಈ ವಿಷಯದಲ್ಲಿ ಪ್ರವಾದಿವರ್ಯರ(ಸ) ಮಾದರಿ ಸ್ಪಷ್ಟವಾಗಿದೆ. ಅವರ ಪುಟ್ಟ ಮಗ ಇಬ್ರಾಹೀಮ್ ನಿಧನನಾದ ದಿನ ಸೂರ್ಯಗ್ರಹಣ ಸಂಭವಿಸಿತು. ಖಗೋಳಶಾಸ್ತ್ರಜ್ಞರ ಲೆಕ್ಕದಂತೆ ಅದು ಕ್ರಿ.ಶ. 632ರ ಜನವರಿ 27. ಮಗುವಿನ ಮರಣಕ್ಕಾಗಿಯೇ ಸೂರ್ಯ ಕಪ್ಪಾದನೆಂದು ಜನರು ಮಾತಾಡಿಕೊಂಡರು. ಪ್ರವಾದಿ(ಸ) ಮೌನವಾಗಿದ್ದರೂ ಸಾಕಿತ್ತು, ಜನರ ನಂಬಿಕೆ ಅವರ ಪರವಾಗಿಯೇ ಇತ್ತು. ಆದರೆ ಪುತ್ರಶೋಕದ ನಡುವೆಯೂ ಅವರು ಅದನ್ನು ತಿದ್ದಿದರು. ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳೇ ಹೊರತು ಯಾರ ಮರಣಕ್ಕಾಗಲಿ ಜನನಕ್ಕಾಗಲಿ ಗ್ರಹಣ ಹಿಡಿಯುವುದಿಲ್ಲವೆಂದು ತಿಳಿಸಿದರು. ತನ್ನ ಪರವಾಗಿರುವ ತಪ್ಪು ಮಾತನ್ನು ತಿದ್ದುವುದು ಎಷ್ಟು ಕಷ್ಟದ ಕೆಲಸ!

ಮೋಡದ ಚಿತ್ರ ತೆಗೆಯುವುದು ಧರ್ಮಸಮ್ಮತವೇ ಎಂದು ಕೆಲವರು ಕೇಳುತ್ತಾರೆ. ಚಿತ್ರದ ಬಗ್ಗೆ ವಿದ್ವಾಂಸರಲ್ಲಿರುವ ಭಿನ್ನಾಭಿಪ್ರಾಯ ಜೀವಿಗಳ ಚಿತ್ರಕ್ಕೆ ಸಂಬಂಧಿಸಿದ್ದು. ಚಿತ್ರ ಬರೆದೇ ಹೊಟ್ಟೆ ಹೊರೆಯುತ್ತಿದ್ದ ಒಬ್ಬನಿಗೆ ಹ. ಇಬ್ನು ಅಬ್ಬಾಸ್(ರ) ಮರಗಳನ್ನೂ ಜೀವವಿಲ್ಲದ ವಸ್ತುಗಳನ್ನೂ ಬರೆಯಲು ಸಲಹೆ ಕೊಟ್ಟದ್ದು ಸಹೀಹ್ ಬುಖಾರಿಯಲ್ಲಿದೆ. ಆಕಾಶ, ಬೆಟ್ಟ, ಮೋಡಗಳ ಚಿತ್ರಕ್ಕೆ ಅಡ್ಡಿಯಿಲ್ಲ. ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆಂದು ತೋರಿಸಿ, ಕತ್ತಲೆ ಕೋಣೆಯ ಸಣ್ಣ ರಂಧ್ರದ ಮೂಲಕ ಬೆಳಕಿನ ನಡೆಯನ್ನು ಪರೀಕ್ಷಿಸಿದವರಲ್ಲಿ ಪ್ರಮುಖರು ಬಸ್ರಾದಲ್ಲಿ ಹುಟ್ಟಿ ಹನ್ನೊಂದನೇ ಶತಮಾನದಲ್ಲಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್. ಅವರ ಗ್ರಂಥವನ್ನು ಓದಿ ಬೆಳೆದ ಕಮಾಲುದ್ದೀನ್ ಫಾರಿಸಿ ನೀರು ತುಂಬಿದ ಗಾಜಿನ ಗೋಲವನ್ನು ಒಂದು ಮಳೆಹನಿ ಎಂದು ಭಾವಿಸಿ ಕಾಮನಬಿಲ್ಲಿನ ಬಣ್ಣಗಳಿಗೆ ಕಾರಣ ಹುಡುಕಿದರು. ಆಕಾಶದ ವಿಸ್ಮಯವನ್ನು ಕಂಡು ನಮ್ಮ ಹಿರಿಯರು ಮಾಡಿದ್ದು ಇಂಥ ಕೆಲಸ.

ಆದುದರಿಂದ ಪ್ರಶ್ನೆ ಇರುವುದು ಚಿತ್ರ ತೆಗೆಯುವುದರಲ್ಲಲ್ಲ, ಅದರ ಮೂಲಕ ನಾವು ಹೇಳುವ ಮಾತಿನಲ್ಲಿ. ಕ್ಯಾಮೆರಾ ಸುಳ್ಳು ಹೇಳುವುದಿಲ್ಲವೆಂಬುದು ಅರೆಸತ್ಯ. ಮೊಬೈಲನ್ನು ಅಡ್ಡಕ್ಕೆ ತಿರುಗಿಸುತ್ತಾ ಉದ್ದನೆಯ ಚಿತ್ರ ತೆಗೆದರೆ ನೆಟ್ಟಗಿರುವ ಮೋಡದ ಸಾಲು ಕಮಾನಿನಂತೆ ಬಾಗುತ್ತದೆ. ಒಂದಕ್ಕೊಂದು ಸಮಾನಾಂತರವಾಗಿರುವ ಸೂರ್ಯಕಿರಣಗಳು ಮೋಡದ ಬಿರುಕಿನಿಂದ ಬೀಸಣಿಗೆಯಂತೆ ಹರಡಿದಂತೆ ತೋರುತ್ತವೆ. ರೈಲುಹಳಿಗಳು ದೂರದಲ್ಲಿ ಕೂಡಿದಂತೆ ಕಾಣುವುದಿಲ್ಲವೇ, ಹಾಗೆ. ಕತ್ತಲಾಗುತ್ತಿರುವ ಆಕಾಶವನ್ನು ಮೊಬೈಲು ತಾನಾಗಿಯೇ ಬೆಳಗಿಸಿ ಬಣ್ಣ ಏರಿಸುತ್ತದೆ. ಎಡಬಲ ಮಗುಚಿದ ಚಿತ್ರದಲ್ಲಿ ಇಲ್ಲದ ಅಕ್ಷರ ಹುಟ್ಟಿಕೊಳ್ಳುತ್ತದೆ. ವಾಡಿಯ ಸಿಮೆಂಟ್ ಕಾರ್ಖಾನೆಯ ಚಿಮಣಿಯಿಂದ ಹೊರಟ ಹೊಗೆ ಚಳಿಗಾಲದ ಮುಂಜಾನೆ ಮೇಲೇರಲಾರದೆ ಹಾಳೆಯಂತೆ ಹರಡಿದ್ದನ್ನು, ಚಿಮಣಿ ಬಿಟ್ಟು ಕತ್ತರಿಸಿ ತೋರಿಸಿದರೆ, ಅದೂ ವಿಚಿತ್ರ ಮೋಡವಾಗಬಲ್ಲದು. ಇವುಗಳಲ್ಲಿ ಕೆಲವು ಅರಿಯದೆ ಆಗುವಂಥವು, ಕೆಲವು ಬೇಕೆಂದೇ ಮಾಡುವಂಥವು. ಬಂದ ಸುದ್ದಿಯನ್ನು ಪರಿಶೀಲಿಸಬೇಕೆಂಬ ಅಲ್‌ಹುಜುರಾತ್ ಅಧ್ಯಾಯದ (49: 6) ಆಜ್ಞೆಗೂ, ಕೇಳಿದ್ದನ್ನೆಲ್ಲ ಹೇಳಿಕೊಂಡು ತಿರುಗುವುದೇ ಸುಳ್ಳಿಗೆ ಸಾಕೆಂಬ ಪ್ರವಾದಿ(ಸ) ಎಚ್ಚರಿಕೆಗೂ ಚಿತ್ರಗಳು ಹೊರತಲ್ಲ.

ಮರುಭೂಮಿಯ ಮೋಡವೆಂದಾಗ ಆದ್ ಜನಾಂಗವನ್ನು ನೆನೆಯದಿರಲಾಗದು. ಅವರ ವೃತ್ತಾಂತವಿರುವ ಅಧ್ಯಾಯದ ಹೆಸರೇ ಅಲ್‌ಅಹ್ಕಾಫ್, ಅಂದರೆ ಬಾಗಿದ ಮರಳುದಿಬ್ಬಗಳು. ತಮ್ಮ ಕಣಿವೆಗಳ ಕಡೆಗೆ ಬರುತ್ತಿದ್ದ ಮೋಡವನ್ನು ಕಂಡು ಅವರು ಮಳೆ ಬಂತೆಂದು ಹಿಗ್ಗಿದರು. ಬಂದದ್ದು ನಾಶಮಾಡುವ ಬಿರುಗಾಳಿ. ಪ್ರವಾದಿವರ್ಯರು(ಸ) ಮೋಡ ಅಥವಾ ಗಾಳಿ ಕಂಡಾಗ ಅವರ ಮುಖದಲ್ಲಿ ಕಳವಳ ತೋರುತ್ತಿತ್ತು, ಆದ್ ಜನಾಂಗದ ಈ ನೆನಪೇ ಅದಕ್ಕೆ ಕಾರಣವೆಂದು ಅವರು ಹೇಳುತ್ತಿದ್ದರು ಎಂದು ಹ. ಆಯಿಶಾ(ರ) ವರದಿ ಮಾಡಿದ್ದಾರೆ. ಗಮನಿಸಬೇಕಾದುದೇನೆಂದರೆ, ಮುಂದೆ ಇಂಥದೇ ಆಗುತ್ತದೆಂದು ಅವರು ಮೋಡದ ಆಕಾರ ನೋಡಿ ಸಾರಲಿಲ್ಲ. ಅದರ ಒಳಿತನ್ನು ಬೇಡಿದರು, ಕೆಡುಕಿನಿಂದ ರಕ್ಷಣೆ ಬೇಡಿದರು. ಮಳೆ ಸುರಿದರೆ ಅವರ ಮುಖ ಅರಳುತ್ತಿತ್ತು.

ಆಕಾರಕ್ಕೂ ಅಪಾಯಕ್ಕೂ ಸಂಬಂಧವಿರಲೇಬೇಕೆಂದಿಲ್ಲ ಎಂಬುದಕ್ಕೆ ಈ ಭಾಗದ ಜನರೇ ಸಾಕ್ಷಿ. 2020ರ ಅಕ್ಟೋಬರ್ 13ರಂದು ಕಾಕಿನಾಡ ಬಳಿ ದಡ ದಾಟಿದ ವಾಯುಭಾರ ಕುಸಿತ ತೆಲಂಗಾಣದ ಮೂಲಕ ಪಶ್ಚಿಮಕ್ಕೆ ಸಾಗಿತು. ಕಾಗಿಣಾ ಉಕ್ಕಿ ಮಳಖೇಡ ಜಲಾವೃತವಾಯಿತು, ಭೀಮಾ ತೀರದ ಹಳ್ಳಿಗಳು ಮುಳುಗಿದವು, ಕೊಯ್ಲಿಗೆ ಕಾದಿದ್ದ ಬೆಳೆ ಹೋಯಿತು. ಅಂಥ ಮಳೆಯನ್ನು ತರುವ ಮೋಡ ಹೇಗಿರುತ್ತದೆ? ದಿಕ್ಕಿನಿಂದ ದಿಕ್ಕಿಗೆ ಹಾಸಿದ, ಆಕಾರವೇ ಇಲ್ಲದ ಬೂದು ಚಾದರ. ಅದರ ಚಿತ್ರ ತೆಗೆಯಬೇಕೆಂದು ಯಾರಿಗೂ ಅನಿಸದು. 2024ರ ಏಪ್ರಿಲ್ 16ರಂದು ಎಮಿರೇಟ್ಸ್‌ನಲ್ಲಿ, ಅಲ್‌ಐನ್ ಪ್ರದೇಶದ ಖತ್ಮ್ ಅಲ್‌ಶಕ್ಲಾದಲ್ಲಿ 24 ಗಂಟೆಯೊಳಗೆ 254 ಮಿಲಿಮೀಟರ್ ಮಳೆ ಸುರಿದಾಗ ಹಸಿರು ಬಣ್ಣಕ್ಕೆ ತಿರುಗಿದಂತಿದ್ದ ಆಕಾಶದ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಮೋಡ ಬಿತ್ತನೆಯಿಂದಲೇ ಪ್ರವಾಹವಾಯಿತೆಂದು ಕೆಲವರು, ಲೋಕಾಂತ್ಯದ ಕುರುಹೆಂದು ಕೆಲವರು ಬರೆದರು. ಆ ಬಿರುಮಳೆಯ ಸಂದರ್ಭದಲ್ಲಿ ಬಿತ್ತನೆ ನಡೆಸಿರಲಿಲ್ಲವೆಂದು ಅಲ್ಲಿನ ಹವಾಮಾನ ಕೇಂದ್ರ ಸ್ಪಷ್ಟಪಡಿಸಿತು. ಆ ಮಳೆ ಬರುವ ಮುನ್ಸೂಚನೆಯೂ ಕೆಲವು ದಿನ ಮೊದಲೇ ಇತ್ತು. ದುಬೈನಲ್ಲಿದ್ದ ಮಗನ ಸುದ್ದಿಗಾಗಿ ಊರಿನಲ್ಲಿ ಕಾಯುತ್ತಿದ್ದ ತಾಯಿಗೆ ಬೇಕಾಗಿದ್ದುದು ಅವನು ಸುರಕ್ಷಿತನೆಂಬ ಒಂದು ಮಾತು. ಅವಳ ಮೊಬೈಲಿಗೆ ಹೋದದ್ದು ಕಿಯಾಮತ್ತಿನ ಚಿತ್ರಗಳು. ಪರರ ಎದೆಯಲ್ಲಿ ಇಂಥ ದಿಗಿಲು ಹುಟ್ಟಿಸುವುದನ್ನು ಧರ್ಮಬೋಧನೆ ಎಂದು ಕರೆಯಲು ನನಗೆ ಮನಸ್ಸು ಬಾರದು.

ಹಾನಿ ಬರೀ ದಿಗಿಲಿನದಲ್ಲ. ಮಿರಗದ ಮಳೆಯ ಹೊತ್ತಿಗೆ ಎಲ್ಲಿಯದೋ ಹಳೆಯ ಕಪ್ಪು ಮೋಡದ ಚಿತ್ರವನ್ನು ‘ಚಿಂಚೋಳಿ ಕಡೆ ಈಗ’ ಎಂದು ಕಳುಹಿಸಿದರೆ, ಅದನ್ನು ನಂಬಿ ಒಣನೆಲಕ್ಕೆ ಬೀಜ ಹಾಕಿದ ರೈತ ಎರಡನೇ ಸಲ ಬೀಜ ಕೊಳ್ಳಬೇಕಾಗುತ್ತದೆ. ಕಳುಹಿಸಿದವನಿಗೆ ಅದು ಗೊತ್ತೂ ಆಗುವುದಿಲ್ಲ.

ಇನ್ನೊಂದು ಅಪಾಯ ಚಿತ್ರ ತೆಗೆಯುವವನಿಗೇ. ಮುಂಗಾರಿಗೆ ಮುಂಚಿನ ಗುಡುಗುಮಳೆಯ ಎದುರುಗಡೆ ಕಪ್ಪು ಕಪಾಟಿನಂತೆ ಒಂದು ಸುರುಳಿ ಮೋಡ ಮುನ್ನುಗ್ಗಿ ಬರುವುದುಂಟು. ಮಳೆಯೊಂದಿಗೆ ಕೆಳಗಿಳಿದ ತಣ್ಣನೆಯ ಗಾಳಿ ನೆಲದುದ್ದಕ್ಕೂ ಹರಡಿ ಬಿಸಿ ಗಾಳಿಯನ್ನು ಎತ್ತಿ ಹಾಕುವುದರಿಂದ ಅದು ಉಂಟಾಗುತ್ತದೆ. ನೋಡಲು ಅದ್ಭುತ, ಯುವಕರು ಗಣಿಯ ದಿಬ್ಬ ಹತ್ತಿ ಮೊಬೈಲು ಎತ್ತಿ ಹಿಡಿಯುತ್ತಾರೆ. ಬಯಲಿನಲ್ಲಿ ಎತ್ತರದ ವಸ್ತು ಆಗ ಅವರೇ ಆಗಿರುತ್ತಾರೆ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ ಎಂದರ್ಥ. ಕೂಡಲೇ ಪಕ್ಕಾ ಕಟ್ಟಡದೊಳಗೆ ಹೋಗಬೇಕು, ಮರದಡಿಗಲ್ಲ. ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ಗಂಟೆ ಅಲ್ಲೇ ಇರಬೇಕು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಎಂಬ ಮೊಬೈಲ್ ಸೌಲಭ್ಯ ಸಮೀಪದ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ಮಿಂಚನ್ನು ಕುರ್‌ಆನ್ ಭಯ ಮತ್ತು ನಿರೀಕ್ಷೆ ಎರಡರೊಂದಿಗೂ ಜೋಡಿಸಿದೆ. ಇಲ್ಲಿ ಭಯವೇ ವಿವೇಕ. ಚಿತ್ರವನ್ನು ಕಿಟಕಿಯಿಂದಲೂ ತೆಗೆಯಬಹುದು.

ಹಾಗಾದರೆ ಒಳ್ಳೆಯ ಮೋಡಚಿತ್ರ ಹೇಗಿರಬೇಕು? ದುಬಾರಿ ಕ್ಯಾಮೆರಾ ಬೇಕಿಲ್ಲ. ಕಲ್ಲುಪುಡಿಯ ಊರಿನಲ್ಲಿ ಮೊದಲು ಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿಕೊಳ್ಳಬೇಕು, ಇಲ್ಲವಾದರೆ ಧೂಳೇ ಮಂಜಾಗಿ ಕಾಣುತ್ತದೆ. ಚಿತ್ರದ ಅಡಿಯಲ್ಲಿ ಸ್ವಲ್ಪ ನೆಲ, ಒಂದು ಮರ, ಒಂದು ಚಿಮಣಿ ಅಥವಾ ಮಿನಾರ ಬರುವಂತೆ ನೋಡಿಕೊಂಡರೆ ಮೋಡದ ಗಾತ್ರವೂ ತಿಳಿಯುತ್ತದೆ, ಸ್ಥಳಕ್ಕೆ ಪುರಾವೆಯೂ ಆಗುತ್ತದೆ. ಸೂರ್ಯನನ್ನು ನೇರವಾಗಿ ನೋಡಬಾರದು. ಗೋಡೆಯ ಅಂಚಿಗೆ ಅವನನ್ನು ಮರೆಮಾಡಿಕೊಂಡು ತೆಗೆಯಬೇಕು. ಒಂದೇ ಚಿತ್ರಕ್ಕೆ ನಿಲ್ಲಿಸದೆ ಅದೇ ಜಾಗದಿಂದ ಐದೈದು ನಿಮಿಷಕ್ಕೆ ಇನ್ನೂ ನಾಲ್ಕಾರು ತೆಗೆದರೆ ಮೋಡ ಬೆಳೆಯುತ್ತಿದೆಯೋ ಕರಗುತ್ತಿದೆಯೋ ಗೊತ್ತಾಗುತ್ತದೆ. ಮೂಲ ಚಿತ್ರವನ್ನು ಬದಲಿಸದೆ ಹಾಗೆಯೇ ಇಟ್ಟುಕೊಳ್ಳಬೇಕು.

ಕೆಳಗೆ ಬರೆಯಬೇಕಾದುದು ಇಷ್ಟೇ: ಊರು, ತಾರೀಖು, ಗಂಟೆ, ಯಾವ ದಿಕ್ಕಿಗೆ ಮುಖ ಮಾಡಿದ್ದಿರಿ, ನಂತರ ಮಳೆ ಬಂತೇ ಇಲ್ಲವೇ, ಬಣ್ಣ ಬದಲಿಸಿದ್ದೀರಾ. ಮೋಡದ ಹೆಸರು ಗೊತ್ತಿದ್ದರೆ ಬರೆಯಿರಿ, ಇಲ್ಲದಿದ್ದರೆ ಬಿಡಿ. ಬೇರೆಯವರು ತೆಗೆದದ್ದಾದರೆ ಅವರದೆಂದು ಹೇಳಿ. ಮಗುವೊಂದು ಈ ಮೋಡ ಹೇಗಾಯಿತು ಎಂದು ಕೇಳಿದರೆ ಅನ್ನೂರ್ ಅಧ್ಯಾಯದ ಆ ಸೂಕ್ತವನ್ನು ಓದಿ ಹೇಳಿ, ಮರುದಿನ ಮಧ್ಯಾಹ್ನ ಅದನ್ನು ಕರೆದುಕೊಂಡು ಮಾಳಿಗೆ ಹತ್ತಿ. ಮೋಡ ಬರದಿದ್ದರೆ ಅದರ ಮರುದಿನ.